ನೀರಗಂಟಿಯ ಮಗಳು ತಿರುಗಿಸಿದ ವಾಲ್ವು

ತುಮಕೂರಿಗೆ ಬಂದ ಮೂರನೆಯ ದಿನ, ಒಂದು ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ, ನಮ್ಮೂರ ಕೆರೆಯ ವಾಸನೆ ಮೂಗಿಗೆ ಬಡಿಯಿತು. ಊರು ಬಿಟ್ಟವರಿಗೆ ಊರಿನ ವಾಸನೆ ಸಿಕ್ಕರೆ ಕಣ್ಣು ತುಂಬುತ್ತದಂತೆ. ನನಗೆ ಹೊಟ್ಟೆ ಉರಿಯಿತು. ವರ್ಷಗಟ್ಟಲೆ ನಮ್ಮ ಕೆರೆಯ ಮೇಲೆ ನೊರೆಯಾಗಿ ಕೂತಿದ್ದ ನಾತ ಹುಟ್ಟುತ್ತಿದ್ದದ್ದು ಇಲ್ಲಿ, ಮೇಲಿನ ಅಷ್ಟೂ ಮನೆಗಳ ಕಕ್ಕಸು, ಬಚ್ಚಲು, ಅಡುಗೆಮನೆಯ ನೀರು ಬಂದು ಬೀಳುವ ತೊಟ್ಟಿಯಲ್ಲಿ. ಮೇಲೆ ಲಿಫ್ಟಿನಲ್ಲಿ ಅಗರಬತ್ತಿ ಘಮಘಮಿಸುತ್ತಿತ್ತು.

ನಮ್ಮೂರು ಇರುವುದು ಗುಬ್ಬಿಗೂ ಕುಣಿಗಲ್‌ಗೂ ನಡುವೆ. ಅಪ್ಪ ಅಲ್ಲಿ ನೀರಗಂಟಿ. ಕೆರೆಯ ತೂಬು ಎತ್ತಿ, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ನೋಡಿ ಬಿಡುವವನು. ಎತ್ತುವ ಮೊದಲು ಎಲ್ಲರೆದುರು ಒಂದು ಬೊಗಸೆ ಕೆರೆನೀರು ಕುಡಿಯುತ್ತಿದ್ದ. ತಾತನೂ ಹಾಗೇ ಮಾಡುತ್ತಿದ್ದನಂತೆ. ನಗರದ ಕೊಳಚೆ ಹಳ್ಳ ಹಿಡಿದು ನಮ್ಮ ಕೆರೆ ಸೇರಿದ ವರ್ಷ, ಬೊಗಸೆಯನ್ನು ಬಾಯಿಯವರೆಗೆ ತಂದು ಚೆಲ್ಲಿಬಿಟ್ಟ.

“ನಾನೇ ಕುಡೀದಿರೋ ನೀರ್ನ ಇನ್ನೊಬ್ರ ಗದ್ದೆಗೆ ಎಂಗ್ ಬುಡ್ಲಿ?” ಎಂದು ಇಳಿದು ಬಂದವನು ಮತ್ತೆ ತೂಬು ಮುಟ್ಟಲಿಲ್ಲ. ಅಪ್ಪ ಅತ್ತಿದ್ದನ್ನು ನಾನು ನೋಡಿದ್ದು ಆ ಒಂದು ಸಲ.

ಗಂಡನಿಗೆ ಅಂತರಸನಹಳ್ಳಿಯ ವರ್ಕ್‌ಶಾಪಿನಲ್ಲಿ ಕೆಲಸ ಸಿಕ್ಕಿ ನಾವು ಇಲ್ಲಿಗೆ ಬಂದೆವು. ಐಟಿಐ ಓದಿದ್ದ ನನಗೆ ಗಾರ್ಮೆಂಟ್ಸ್‌ನಲ್ಲೂ ಕೆಲಸವಿತ್ತು. ಆದರೆ ಅಪಾರ್ಟ್‌ಮೆಂಟಿನ ಕೊಳಚೆನೀರು ಶುದ್ಧ ಮಾಡುವ ಘಟಕಕ್ಕೆ ಆಪರೇಟರ್ ಬೇಕು ಎಂದು ಕೇಳಿದಾಗ ಬೇಕಂತಲೇ ಅದನ್ನು ಹಿಡಿದೆ. ನಮ್ಮ ಕೆರೆ ಕೆಡಿಸಿದವರ ಮುಖ ನೋಡಬೇಕಿತ್ತು. ಸುಳ್ಳೇಕೆ ಹೇಳಲಿ, ಸೇಡು ತೀರಿಸಿಕೊಳ್ಳಬೇಕಿತ್ತು.

ಊರಿನಲ್ಲಿ ಬಚ್ಚಲ ನೀರು ಬಾಳೆಬುಡಕ್ಕೆ ಹೋಗುತ್ತದೆ, ಪಾತ್ರೆ ತೊಳೆದ ನೀರು ಕನಕಾಂಬರಕ್ಕೆ. ಯಾರ ಮನೆ ನೀರು ಬೀದಿಗೆ ಬಂದರೂ ಎದುರುಮನೆಯಾಕೆ ಸೆರಗು ಬಿಗಿದು ಜಗಳಕ್ಕೆ ನಿಲ್ಲುತ್ತಾಳೆ. ಇಲ್ಲಿ ನೀರು ಯಾವಾಗ ಬರುತ್ತದೆ ಎಂದು ಬೀದಿಗೆ ಬೀದಿಯೇ ಮಾತಾಡುತ್ತದೆ, ಎಲ್ಲಿಗೆ ಹೋಗುತ್ತದೆ ಎಂದು ಒಬ್ಬರೂ ಕೇಳುವುದಿಲ್ಲ. ಮೊದಮೊದಲು ಜಗಳಕ್ಕಾದರೂ ಒಬ್ಬಳು ಎದುರುಮನೆಯಾಕೆ ಸಿಕ್ಕಿದ್ದರೆ ಅನ್ನಿಸುತ್ತಿತ್ತು. ಬಾಗಿಲು ಹಾಕಿಕೊಂಡು ಒಬ್ಬಳೇ ಮುದ್ದೆ ನುಂಗುತ್ತಿದ್ದೆ.

ಕೆಲಸ ಬೇಗ ಕಲಿತೆ. ತೊಟ್ಟಿಯ ಕೆಸರಿನಲ್ಲಿ ಕಣ್ಣಿಗೆ ಕಾಣದ ಜೀವಗಳಿರುತ್ತವೆ, ಕೊಳೆಯನ್ನು ತಿನ್ನುವವು ಅವೇ. ಮೊಸರಿಗೆ ಹೆಪ್ಪು ಇದ್ದಂತೆ ಅದನ್ನು ಕಾಪಾಡಿಕೊಳ್ಳಬೇಕು. ಬ್ಲೋವರ್ ಎಂಬ ಯಂತ್ರ ಹಗಲೂ ರಾತ್ರಿ ಗಾಳಿ ಊದುತ್ತಿದ್ದರೆ ಅವು ಬದುಕುತ್ತವೆ, ನಿಲ್ಲಿಸಿದರೆ ಸತ್ತು ಕಪ್ಪಾಗಿ ನಾರುತ್ತವೆ. ನಮ್ಮ ಮ್ಯಾನೇಜರ್ ಉಮೇಶಣ್ಣ ಅದನ್ನು ನಿಲ್ಲಿಸಿಯೇ ಇಡಿಸಿದ್ದರು.

“ಯಾರಾದ್ರೂ ಚೆಕಿಂಗ್ ಬಂದಾಗ ಹಾಕಿದ್ರೆ ಸಾಕು ಕಣಮ್ಮ. ಸುಮ್ನೆ ಕರೆಂಟ್ ಬಿಲ್ ಯಾಕೆ? ಸ್ಯಾಂಪಲ್ ಕೇಳುದ್ರೆ ಬೋರ್ ನೀರ್ ತುಂಬ್ಕೊಡು.”

“ತೊಟ್ಟಿ ನೀರು ಎಲ್ಲಿಗ್ ಹೋಗುತ್ತಣ್ಣ?”

“ಮೋರಿಗೆ. ಆಮೇಲ್ ಯಾವ್ದೋ ಹಳ್ಳಿ ಕಡೆ ಹೊಯ್ತದೆ ಬುಡು.”

ಯಾವುದೋ ಹಳ್ಳಿ. ಆ ಮಾತನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ.

ಗೋಡೆಯ ಮೇಲೆ ಧೂಳು ಹಿಡಿದ ನಕ್ಷೆಯೊಂದಿತ್ತು. ಶುದ್ಧವಾದ ನೀರನ್ನು ಅಪಾರ್ಟ್‌ಮೆಂಟಿನ ಹುಲ್ಲುಹಾಸಿಗೇ ಬಿಡಬೇಕು ಎಂದು ಅದರಲ್ಲಿ ಗೆರೆ ಎಳೆದು ಬರೆದಿತ್ತು. ಪೈಪೂ ಇತ್ತು. ಅದರ ವಾಲ್ವು ಮುಚ್ಚಿ, ಮೋರಿಯ ಕಡೆಯದನ್ನು ತೆರೆದಿಟ್ಟಿದ್ದರು. ಹುಲ್ಲಿಗೆ ಬೋರ್‌ವೆಲ್ ನೀರು, ಊರಿಗೆ ಹೊಲಸು. ತುಕ್ಕು ಹಿಡಿದ ಆ ವಾಲ್ವಿಗೆ ಒಂದು ವಾರ ದಿನಾ ಎಣ್ಣೆ ಬಿಟ್ಟೆ. ಭಾನುವಾರ ಬೆಳಿಗ್ಗೆ, ಮಕ್ಕಳು ಕಾಲಿಡದಂತೆ ಹುಲ್ಲಿನ ಸುತ್ತ ಹಗ್ಗ ಕಟ್ಟಿ ಬಂದು, ಮೋರಿಯ ವಾಲ್ವು ಮುಚ್ಚಿದೆ, ಹುಲ್ಲಿನದು ತಿರುಗಿಸಿ ಪಂಪು ಹಾಕಿದೆ. ಅಪ್ಪ ತೂಬು ಎತ್ತಿದಾಗ ನೀರು ಗುಡುಗುಡು ಎನ್ನುತ್ತಿತ್ತಲ್ಲ, ಪೈಪಿನಲ್ಲಿ ಅದೇ ಸದ್ದು ಬಂತು.

ಅರ್ಧ ಗಂಟೆಯಲ್ಲಿ ಬಾಲ್ಕನಿಗಳ ಬಾಗಿಲೆಲ್ಲ ದಡದಡ ಮುಚ್ಚಿದವು. ನಿವಾಸಿಗಳ ಸಂಘದ ಅಧ್ಯಕ್ಷರು ಟವೆಲಿನಲ್ಲಿ ಮೂಗು ಮುಚ್ಚಿಕೊಂಡು ಕೆಳಗಿಳಿದರು. ಅವರ ಹಿಂದೆ ಉಮೇಶಣ್ಣ, ಮುಖದಲ್ಲಿ ರಕ್ತವೇ ಇರಲಿಲ್ಲ.

“ಏನಮ್ಮ ಇದು ಗಲೀಜು?” ಅಧ್ಯಕ್ಷರು ಕೇಳಿದರು.

“ನಿಮ್ಮದೇ ಸರ್. ನಕ್ಷೆಯಲ್ಲಿ ಹಿಂಗೇ ಬರ್ದೈತೆ, ಬಂದು ನೋಡಿ.”

“ಇಷ್ಟು ದಿನ ಎಲ್ಲಿಗೆ ಹೋಗ್ತಿತ್ತು?”

“ನಮ್ಮೂರಿಗೆ.”

ಅವರು ಟವೆಲನ್ನು ಮೂಗಿಗೆ ಇನ್ನಷ್ಟು ಒತ್ತಿಕೊಂಡು, ನಕ್ಷೆ ನೋಡಲು ನೆಲಮಾಳಿಗೆಗೆ ನಡೆದರು. ಆ ಗಳಿಗೆ ನನಗಾದ ಖುಷಿಯನ್ನು ಬರೆದು ಹೇಳಲಾರೆ. ಹಬ್ಬದ ಹೋಳಿಗೆಗೂ ಆ ರುಚಿ ಇಲ್ಲ. ಬಯ್ಯುತ್ತಾರೆ, ಕೆಲಸದಿಂದ ತೆಗೆಯುತ್ತಾರೆ ಎಂದು ಚೀಲ ಕಟ್ಟಿಕೊಂಡೇ ನಿಂತಿದ್ದೆ. ಆದರೆ ನಕ್ಷೆ ನೋಡಿ ಬಂದವರು ಉಮೇಶಣ್ಣನಿಗೆ ಬ್ಲೋವರ್ ಹಾಕಲು ಹೇಳಿದರು. ನಮ್ಮ ಕೆರೆಯ ಮೇಲಿನ ಕರುಣೆಯಿಂದಲ್ಲ, ತಮ್ಮ ಮೂಗಿಗಾಗಿ. ನನಗೆ ಅಷ್ಟೇ ಸಾಕಿತ್ತು. ಅಂದಿನಿಂದ ಅದು ನಿಂತಿಲ್ಲ. ಕೆಲವು ವಾರಗಳಲ್ಲಿ ನೀರು ತಿಳಿಯಾಯಿತು, ಹುಲ್ಲು ಹಸಿರಾಯಿತು. ಈಗ ಉಮೇಶಣ್ಣ ನನ್ನ ಜೊತೆ ಮಾತು ಬಿಟ್ಟಿದ್ದಾರೆ.

ಹೋದ ತಿಂಗಳು ಅಪ್ಪ ಬಂದ. ಘಟಕ ತೋರಿಸಿದೆ. ನಲ್ಲಿಯಿಂದ ಒಂದು ಬೊಗಸೆ ನೀರು ಹಿಡಿದು, ಮೂಸಿ, ಬೆಳಕಿಗೆ ಹಿಡಿದು ನೋಡಿದ.

“ಕುಡಿಯೋಕಲ್ಲ ಅಪ್ಪ, ಗಿಡಕ್ಕೆ.”

“ಗೊತ್ತಾಯ್ತದೆ ಕಣವ್ವ. ಗದ್ದೆಗ್ ಬುಡಬೌದು ಇದ್ನ.” ಎಷ್ಟೋ ವರ್ಷದ ಮೇಲೆ ಅವನ ಬಾಯಲ್ಲಿ ಆ ಮಾತು ಕೇಳಿದೆ. ನನ್ನ ಸೇಡು ತೀರಿತು ಅಂದುಕೊಂಡೆ.

ಅಲ್ಲಿಂದ ನಮ್ಮ ಬಾಡಿಗೆ ಮನೆಗೆ ಕರೆತಂದೆ. ಬಾಗಿಲಲ್ಲಿ ಕಾಲು ತೊಳೆಯಲು ಚೊಂಬಿನಲ್ಲಿ ನೀರು ಕೊಟ್ಟೆ. ಅಪ್ಪ ಚೊಂಬು ಹಿಡಿದು, ಹೊಸಿಲ ಪಕ್ಕದ ಸಣ್ಣ ಚರಂಡಿಯನ್ನೇ ನೋಡುತ್ತಾ ನಿಂತ.

“ಈ ನೀರು ಎಲ್ಲಿಗ್ ಹೊಯ್ತದವ್ವ?”

ನಮ್ಮ ವಠಾರಕ್ಕೆ ಘಟಕವಿಲ್ಲ, ಒಳಚರಂಡಿಯೂ ಇಲ್ಲ. ಬಂದ ದಿನದಿಂದ ನಾನು ಮಿಂದ ನೀರು, ಒಗೆದ ನೀರು, ಎಲ್ಲ ಅದೇ ಮೋರಿಗೆ ಹೋಗುತ್ತಿದೆ. ಹಬ್ಬಕ್ಕೆ ನಾನು ಊರಿಗೆ ಹೋಗುವ ಮುಂಚೆಯೇ ಅದು ಹೋಗಿ ಕೆರೆ ಸೇರಿರುತ್ತದೆ.

ಅಪ್ಪ ಚೊಂಬಿನ ನೀರನ್ನು ಡಬ್ಬದಲ್ಲಿದ್ದ ತುಳಸಿಗೆ ಹಾಕಿ, ಧೂಳುಗಾಲಿನಲ್ಲೇ ಒಳಗೆ ಬಂದ.