ಕಿರುಬೆರಳಿಗೆ ಸಿಕ್ಕ ತೂತಿನ ಕಾಸು

ಇವತ್ತು ಉಡುದಾರ ಬದಲಿಸುವಾಗ ತೂತಿನ ಕಾಸು ಟಣ್ಣೆಂದು ಬಿತ್ತು.

ಚಿಕ್ಕಂದಿನಲ್ಲಿ ಅಪ್ಪನ ಅಂಗಡಿಯ ಚಿಲ್ಲರೆಯಿಂದ ಬಗೆಬಗೆಯ ಕಾಸು ಆರಿಸಿ ಕೂಡಿಡುವುದರಲ್ಲಿ ಆದವಾನಿಯಲ್ಲೇ ನನ್ನನ್ನು ಮೀರಿಸುವವರಿರಲಿಲ್ಲ. ಆಗಷ್ಟೇ ಬಂದಿದ್ದ ಈ ಹೊಸ ಕಾಸನ್ನು ಉಂಗುರದಂತೆ ಮೆರೆಸಲು ಕಿರುಬೆರಳಿಗೆ ತುರುಕಿದೆ. ಬೆರಳು ಬಾತು ಬದನೆಕಾಯಿಯಾಯಿತು. ಅಜ್ಜಿ ಎಣ್ಣೆ ಸುರಿದರೂ ಕಾಸು ಕದಲಲಿಲ್ಲ. ಒಡವೆ ಮಾಡುವ ಪತ್ತಾರ ಮಾಮನ ಹತ್ತಿರ ಕರೆದೊಯ್ದಳು. ಅವನು ಕತ್ತರಿ ತೆಗೆದ.

“ಕಾಸು ಕತ್ತರಿಸ್ಲೇನಲೇ?”

“ಬ್ಯಾಡ ಮಾಮ, ಬೆರಳು ಕತ್ತರ್ಸು!” ಎಂದು ಬಿಕ್ಕಿದೆ.

“ಎಂಥಾ ಕಂಜೂಸ್ ಅದಾನವ್ವ ನಿನ್ ಮೊಮ್ಮಗ!”

ನಗುತ್ತಲೇ ಮಾಮ ನೂಲಿನ ತುದಿಯನ್ನು ಕಾಸಿನಡಿ ತೂರಿಸಿ, ಉಳಿದದ್ದನ್ನು ಬೆರಳಿಗೆ ಬಿಗಿಯಾಗಿ ಸುತ್ತಿ, ತೂರಿಸಿದ ತುದಿ ಹಿಡಿದು ಮೆಲ್ಲಗೆ ಬಿಚ್ಚುತ್ತ ಬಂದ. ಕಾಸು ಇಡಿಯಾಗಿ ಜಾರಿ ಬಂತು. ಅಜ್ಜಿ ತಕ್ಷಣ ಅದನ್ನು ನನ್ನ ಉಡುದಾರಕ್ಕೆ ಪೋಣಿಸಿದಳು.

“ಇನ್ಮ್ಯಾಲೆ ಇಲ್ಲೇ ಬಿದ್ದಿರ್ಲಿ!”

ಇವತ್ತೂ ಹೊಸ ದಾರಕ್ಕೆ ಪೋಣಿಸುವ ಮೊದಲು ಕಿರುಬೆರಳಿಗೆ ಹಾಕಿ ನೋಡುವ ಆಸೆಯಾಯಿತು. ಸಿಕ್ಕಿಕೊಂಡರೆ ಬಿಡಿಸಲು ಆ ಮಾಮ ಈಗಿಲ್ಲ.