ಬಾವಿಗೆ ಬಂದ ಕುಂಕುಮ

ಕೊಲ್ಹಾಪುರದ ಪೇಟೆಯಲ್ಲಿ ನಿನ್ನೆ ಕೊಂಡ ಕೆಂಪು ಓಢಣಿಯನ್ನು ಈಗಷ್ಟೇ ಬಕೆಟ್ಟಿನಲ್ಲಿ ನೆನೆಹಾಕಿದೆ. ದೀಪಾವಳಿಗೆ ಒಬ್ಬ ಹುಡುಗಿಗೆ ಕೊಡಬೇಕು, ಅದಕ್ಕೆ ಮೊದಲು ಒಮ್ಮೆ ನೀರು ತೋರಿಸೋಣ ಎಂದು. "ಬಣ್ಣ ಹೋಗೂದಿಲ್ರಿ, ಗ್ಯಾರಂಟಿ" ಎಂದು ಅಂಗಡಿಯವನು ಎದೆ ತಟ್ಟಿಕೊಂಡಿದ್ದ. ಅವನ ಗ್ಯಾರಂಟಿ ಅರ್ಧ ಗಂಟೆಯೂ ಬಾಳಲಿಲ್ಲ. ನೀರೆಲ್ಲ ಕುಂಕುಮ ಕಲಸಿದಂತಾಗಿದೆ. ನೀವಾಗಿದ್ದರೆ ಅವನಿಗೆ ನಾಲ್ಕು ಬೈದು ನೀರು ಚೆಲ್ಲಿಬಿಡುತ್ತಿದ್ದಿರಿ. ನಾನು ಮಾತ್ರ ಬಚ್ಚಲ ಬಾಗಿಲಲ್ಲಿ ನಿಂತೇ ಇದ್ದೇನೆ, ಇಚಲಕರಂಜಿಯ ನೀಲವ್ವ ಚಿಗವ್ವನ ನೆನಪಾಗಿ.

ಚಿಗವ್ವನೆಂದರೆ ನನ್ನ ತಾಯಿಯ ತಂಗಿ. ಅವಳ ಗಂಡ, ನಮ್ಮ ಕಾಕಾ, ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು, ಮನೆ ಅದೇ ಕಾರ್ಖಾನೆಯ ಗೋಡೆಯ ಹಿಂದಿನ ಓಣಿಯಲ್ಲಿ. ಕಾಲೇಜಿಗೆಂದು ಹೋದ ನಾನು ಅವರ ಅನ್ನ ಉಂಡು ಬೆಳೆದೆ. ಸುತ್ತ ಮಗ್ಗಗಳ ಖಟಖಟ. ಅದು ನಿಂತರೇ ನನಗೆ ಎಚ್ಚರವಾಗುತ್ತಿತ್ತು. ನಳದ ನೀರು ಮನಸ್ಸು ಬಂದಾಗ ಬರುತ್ತಿತ್ತು. ಹಾಗಾಗಿ ಓಣಿಯ ಜೀವವೆಲ್ಲ ಮೂಲೆಯ ಬಾವಿಯ ಮೇಲೆ.

ಒಂದು ಶುಕ್ರವಾರ ಬೆಳಿಗ್ಗೆ ಆ ಬಾವಿಯ ನೀರು ಕೆಂಪಾಗಿತ್ತು. ಮೊದಲು ಕಂಡ ಚಿಗವ್ವ ಕೊಡ ಅಲ್ಲೇ ಬಿಟ್ಟು ಓಡಿ ಬಂದಳು.

"ಅಂಬಾಬಾಯಿ ಬಂದಾಳ! ನಮ್ಮ ಬಾಂವ್ಯಾಗ ಕುಂಕುಮ ಚೆಲ್ಯಾಳ!"

ಶುಕ್ರವಾರ ಬೇರೆ, ಕುಂಕುಮದ ಬಣ್ಣ ಬೇರೆ, ಕೊಲ್ಹಾಪುರದ ದೇವಿ ಅಂಬಾಬಾಯಿಯಂತೂ ಕೂಗಿದರೆ ಕೇಳುವಷ್ಟು ಹತ್ತಿರ. ಮಧ್ಯಾಹ್ನದೊಳಗೆ ಹಸಿರು ಬಳೆ, ಕುಪ್ಪಸದ ಕಣ, ದೇವಿಯ ಉಡಿ ತುಂಬುವ ಅಕ್ಕಿ ಬಾವಿಯ ಬಳಿ ಬಂದವು. ರಸಾಯನಶಾಸ್ತ್ರ ಓದುತ್ತಿದ್ದ ನಾನು ಆರತಿ ತಟ್ಟೆ ಹಿಡಿದು ಎಲ್ಲರಿಗಿಂತ ಮುಂದೆ ನಿಂತಿದ್ದೆ. ಕಾರ್ಖಾನೆಯ ಮಾಲಕರೂ ಬಂದು, ಚಪ್ಪಲಿ ಬಿಟ್ಟು, ಕಾಯಿ ಒಡೆಸಿದರು. ಮುಂದೆ ಬಾವಿಗೊಂದು ಕಟ್ಟೆಯನ್ನೂ ಕಟ್ಟಿಸಿದರು. ಎಂಥ ಭಕ್ತರು ಎಂದು ಓಣಿಯೆಲ್ಲ ಹೊಗಳಿತು.

ಆ ನೀರನ್ನು ಚಿಗವ್ವ ತೀರ್ಥವೆಂದು ತಿಳಿದು ಎಳೆಯ ಮೊಮ್ಮಗಳ ಮೈಗೆ ಎರೆದಳು. ಕೂಸಿನ ಬೆನ್ನ ತುಂಬ ಗುಳ್ಳೆ ಎದ್ದವು, ಒಡೆದು ಹುಣ್ಣಾದವು. ಅದು ರಾತ್ರಿಯೆಲ್ಲ ಅಳುತ್ತಿತ್ತು. ಡಾಕ್ಟರು ನೀರಿನ ಬಗ್ಗೆ ವಿಚಾರಿಸಿ, ಇದು ಬಣ್ಣದ ವಿಷ, ಕಾರ್ಖಾನೆಯ ಮೇಲೆ ದೂರು ಕೊಡಿ ಎಂದರು. ಓಣಿಯವರು ಹೆದರುತ್ತಲೇ ಕೊಟ್ಟರು.

ನೀರಿನ ತಪಾಸಣೆಗೆ ಅಧಿಕಾರಿ ಬರುವ ಹಿಂದಿನ ಸಂಜೆ ಕಾಕಾ ಹೊಸ್ತಿಲಲ್ಲಿ ಕುಳಿತು ಹೇಳಿದರು. "ನೀ ಬಾಯಿ ಬಿಟ್ಟೆಂದ್ರ ನನ್ನ ಕೆಲಸ ಹೋತು ನೋಡ. ಮಗಾನೂ ಅಲ್ಲೇ ಅದಾನ."

ಚಿಗವ್ವ ಕೂಸಿನ ಬೆನ್ನಿಗೆ ಕೊಬ್ಬರಿ ಎಣ್ಣೆ ಸವರುತ್ತಿದ್ದಳು. ಅವಳು ಸುಮ್ಮನಿದ್ದುಬಿಟ್ಟರೆ ಎಂದು ನನಗೆ ಭಯ, ಮಾತಾಡಿಬಿಟ್ಟರೆ ಎಂದೂ ಭಯ.

ಅಧಿಕಾರಿ ಮರಾಠಿಯವರು, ಕನ್ನಡ ಬಲ್ಲವರು. ನೀರು ಹೇಗೆ ಕೆಂಪಾಯಿತೆಂದು ಕೇಳಿದರು. ಎಲ್ಲರಿಗಿಂತ ಮೊದಲು ಮಾಲಕರೇ ಮೊಬೈಲು ಮುಂದೆ ಹಿಡಿದರು. ಪೂಜೆಯ ಫೋಟೋ, ನಟ್ಟನಡುವೆ ಆರತಿ ಹಿಡಿದ ನಾನು.

"ನೋಡ್ರಿ ಸಾಹೇಬ್ರ, ದೇವಿ ಬಂದಾಳಂತ ಇವರೆಲ್ಲಾ ಉಡಿ ತುಂಬ್ಯಾರ. ಹೌದಲ್ಲ ನೀಲವ್ವಾ? ದೇವಿ ಮಾಡಿದ್ದಕ್ಕ ನಾ ಹ್ಯಾಂಗ ಜವಾಬ್ದಾರ?"

ನನಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು. ಎಲ್ಲರೂ ಚಿಗವ್ವನ ಮುಖ ನೋಡಿದರು. ಕಾಕಾ ಮಾತ್ರ ನೆಲ ನೋಡುತ್ತಿದ್ದರು.

"ಹೌದ್ರಿ. ಹಂಗಂದಾಕಿ ನಾನ. ನಂದ ತಪ್ಪಾತು," ಎಂದಳು ಚಿಗವ್ವ. "ಆದ್ರ ಸಾಹೇಬ್ರ, ದೀಪಾವಳಿ ಸೂಟಿಗೆ ಕಾರ್ಖಾನಿ ಬಂದ್ ಇತ್ತು, ನೀರು ತಿಳಿ ಆತು. ಸೂಟಿ ಮುಗೀತು, ಮತ್ತ ಕೆಂಪಾತು. ಅಂಬಾಬಾಯಿ ಸೂಟಿ ತಗೋತಾಳೇನ್ರಿ?"

ಅವಳು ಕೂಸಿನ ಅಂಗಿ ಎತ್ತಿ ಬೆನ್ನು ತೋರಿಸಿದಳು. "ದೇವಿ ಹೆಸರ ಮ್ಯಾಲ ನಿಮ್ಮ ಪಾಪ ಹಾಕಬ್ಯಾಡ್ರಿ, ಮಾಲಕರ."

ಆಗ ಕಾಕಾ ತಲೆ ಎತ್ತದೆಯೇ ಕಾರ್ಖಾನೆಯ ಗೋಡೆಯ ಕಡೆ ಬೆರಳು ತೋರಿಸಿದರು. "ಮೋರಿ ಒಡದದ್ದು ಆ ಗ್ವಾಡಿ ಬುಡಕ್ಕ ಐತ್ರಿ."

ಕಾರ್ಖಾನೆಗೆ ಬೀಗ ಬಿತ್ತು. ಬೀಗ ತೆಗೆದಾಗ ಕಾಕಾನನ್ನೂ ಮಗನನ್ನೂ ಒಳಗೆ ಕರೆಯಲಿಲ್ಲ. ಅವರು ಗೋಕುಳ ಶಿರಗಾಂವದ ಕಬ್ಬಿಣ ಎರಕದ ಫೌಂಡ್ರಿಗೆ ಕೆಲಸಕ್ಕೆ ಹೋದರು. ಕಾರ್ಖಾನೆಯಿಂದ ಹೊಸ ದಪ್ಪ ಪೈಪೊಂದು ಓಣಿ ದಾಟಿ ಹೊಳೆಯ ಕಡೆಗೆ ಹೋಯಿತು. ಬಾವಿ ತಿಳಿಯಾಯಿತು. ಕಾನೂನಿನ ಪ್ರಕಾರ ಎಲ್ಲ ಸರಿಹೋಯಿತು. ನಾವೂ ಗೆದ್ದೆವೆಂದು ಪೇಢೆ ಹಂಚಿದೆವು. ಚಿಗವ್ವ ಮಾತ್ರ ಪೇಢೆ ಕೈಯಲ್ಲೇ ಹಿಡಿದು ಆ ಪೈಪನ್ನು ನೋಡುತ್ತ ಕುಳಿತಿದ್ದಳು.

"ನಮ್ಮ ಬಾಂವಿ ತಿಳಿ ಆತು ಖರೆ. ಈ ಪೈಪಿನ ಆ ಕಡಿ ತುದಿಗೆ ಯಾವ ಊರೈತೋ? ಅಲ್ಲೆ ಯಾವ ಮುದುಕಿ ಉಡಿ ತುಂಬಾಕತ್ತಾಳೋ?"

ನಾನು ಪೇಢೆ ತಿಂದು ಮುಗಿಸಿ ಕೈ ತೊಳೆದುಕೊಂಡೆ.

ಈ ಓಢಣಿ ಅದೇ ಮೊಮ್ಮಗಳಿಗೆ. ಈಗ ಶಾಲೆಗೆ ಹೋಗುತ್ತಾಳೆ, ಬೆನ್ನಿನ ಕಲೆ ಹಾಗೇ ಇದೆ, ಕೆಂಪೆಂದರೆ ಅವಳಿಗೆ ಪ್ರಾಣ. ಯಾವ ಓಣಿಯ ಹಿಂದೆ ಇದಕ್ಕೆ ಬಣ್ಣ ಹಾಕಿದರೋ, ಕೊಳ್ಳುವಾಗ ನಾನು ಕೇಳಲಿಲ್ಲ. ಬಕೆಟ್ಟು ಎತ್ತಿ ಮೋರಿಯ ಕಡೆ ಬಗ್ಗಿಸಿದವನು ಹಾಗೆಯೇ ಕೆಳಗಿಟ್ಟೆ. ಇಷ್ಟು ವರ್ಷ ಇದೇ ಮನೆಯಲ್ಲಿದ್ದೇನೆ, ಈ ಮೋರಿ ಎಲ್ಲಿಗೆ ಹೋಗುತ್ತದೆಂದು ನನಗೆ ಗೊತ್ತಿಲ್ಲ. ಚಪ್ಪಲಿ ಮೆಟ್ಟಿಕೊಂಡು, ಅದರ ಗುಂಟ ನಡೆದು ನೋಡಲು ಹೊರಟಿದ್ದೇನೆ.