ಅಜ್ಜಿಯ ಏಲಕ್ಕಿ ಹಾರ

ಏಲಕ್ಕಿ ಜಜ್ಜಿದ ವಾಸನೆ ಬಂದರೆ ಸಾಕು, ಬ್ಯಾಡಗಿಯ ನಮ್ಮ ಹಳೆಯ ಮನೆಯ ಪಡಸಾಲೆ ಎದ್ದು ಬಂದು ಹಾವೇರಿಯ ನನ್ನ ಅಡುಗೆಮನೆಯಲ್ಲಿ ಕುಳಿತುಬಿಡುತ್ತದೆ. ಬ್ಯಾಡಗಿ ಎಂದರೆ ಮೆಣಸಿನಕಾಯಿ ನೆನಪಾಗಬೇಕಲ್ಲ ಎನ್ನುತ್ತೀರಿ. ನನಗೂ ಆಗುತ್ತದೆ, ಆದರೆ ಏಲಕ್ಕಿ ಆದಮೇಲೆ. ಅದಕ್ಕೆ ಕಾರಣ ನಮ್ಮಜ್ಜಿ ಗಂಗವ್ವ. ಕುಪ್ಪೇಲೂರಿನಿಂದ ಮದುವೆಯಾಗಿ ಬಂದವಳು ಅರ್ಧ ಆಯುಷ್ಯ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಕೆಲಸ ಮಾಡಿದಳು. ಸಂಜೆ ಅವಳಿಗಿಂತ ಮೊದಲು ಘಾಟು ಒಳಗೆ ಬರುತ್ತಿತ್ತು, ಮೊಮ್ಮಕ್ಕಳೆಲ್ಲ ಸಾಲು ಹಿಡಿದು ಸೀನುತ್ತಿದ್ದೆವು. ಎಷ್ಟು ತೊಳೆದರೂ ಅವಳ ಕೈಯ ಖಾರ ಹೋಗುತ್ತಿರಲಿಲ್ಲ. ನಮ್ಮ ಕಣ್ಣಿಗೆ ತಾಕೀತೆಂಬ ಹೆದರಿಕೆಗೆ ಬೆರಳಿನಿಂದ ಮುಟ್ಟದೆ ಮೊಣಕೈಯಿಂದ ಗಲ್ಲ ಸವರಿ ಮುದ್ದು ಮಾಡುತ್ತಿದ್ದಳು. ಮೊಣಕೈ ಅಷ್ಟು ಮೆತ್ತಗಿರುತ್ತದೆ ಎಂದರೆ ಯಾರು ನಂಬುತ್ತಾರೆ! ಆಮೇಲೆ ಸೆರಗಿನ ಗಂಟು ಬಿಚ್ಚಿ, ಒಂದು ಏಲಕ್ಕಿ ತೆಗೆದು ದವಡೆಗೆ ಇಟ್ಟುಕೊಳ್ಳುವಳು. “ದಿನಾ ಘಾಟು ಕುಡಿಯೋ ಮೂಗಿಗೆ ಇಷ್ಟರ ಸುಖ ಬ್ಯಾಡೇನ?” ಎನ್ನುವಳು.

ಅಜ್ಜ ಬಸ್ಸಿನ ಡ್ರೈವರ್ ಆಗಿದ್ದ. ನಿವೃತ್ತಿಯ ದಿನ ಜೊತೆಗಾರರು ಅವನ ಕೊರಳಿಗೆ ಹಾವೇರಿಯ ಏಲಕ್ಕಿ ಹಾರ ಹಾಕಿದರು. ಅಜ್ಜ ಅದನ್ನು ಗಾಜಿನ ಪೆಟ್ಟಿಗೆಯಲ್ಲಿ ಕೂಡಿಸಿ ಬಾಗಿಲ ಮೇಲೆ ತೂಗುಹಾಕಿದ. ಹಬ್ಬಕ್ಕೆ ಹೋಳಿಗೆ ಮಾಡುವಾಗಲೆಲ್ಲ ಅಜ್ಜಿ ಅದರಿಂದ ನಾಲ್ಕು ಏಲಕ್ಕಿ ಕೇಳುವಳು, “ಅದು ಮರ್ಯಾದಿ ಸಾಮಾನು, ಮುಟ್ಟಿದ್ರ ನೋಡು” ಎಂದು ಅಜ್ಜ ಗದರುವನು. ಅವನು ತೀರಿಕೊಂಡು ಎಷ್ಟೋ ದಿನಗಳಾದ ಮೇಲೆ ಅಜ್ಜಿ ಆ ಗಾಜು ತೆಗೆಸಿ ಒಂದು ಏಲಕ್ಕಿ ಬಿಡಿಸಿ ಬಾಯಿಗೆ ಹಾಕಿಕೊಂಡಳು. ವಾಸನೆಯೂ ಇಲ್ಲ, ರುಚಿಯೂ ಇಲ್ಲ. ಸಿಪ್ಪೆಯನ್ನು ಅಂಗೈಗೆ ಉಗುಳಿ ನಮಗೆ ತೋರಿಸಿ, “ನೋಡ್ರಿ, ನಿಮ್ಮಜ್ಜನ ಮರ್ಯಾದಿ ಒಣಗಿ ಹೊಟ್ಟಾಗೇತಿ” ಎಂದಳು. ಅವತ್ತೇ ಎಲ್ಲರ ಎದುರಿಗೆ ಹೇಳಿಬಿಟ್ಟಳು: “ನಾ ಸತ್ತಮ್ಯಾಲೆ ನನ್ನ ಫೋಟೋಕ್ಕ ಇಂಥಾದ್ದು ಹಾಕಬ್ಯಾಡ್ರಿ. ಹಾಕಿದ್ರ ದೆವ್ವಾಗಿ ಬಂದು ಏಲಕ್ಕಿ ಚಾ ಕೇಳ್ತೇನಿ!” ನಾವೆಲ್ಲ ನಕ್ಕೆವು. ಅಜ್ಜಿಯ ಹಿರಿಯ ಮಗ, ನಮ್ಮ ದೊಡ್ಡಪ್ಪ ಮಾತ್ರ ನಗಲಿಲ್ಲ. ರಾಣೆಬೆನ್ನೂರಿನಲ್ಲಿ ಬೀಜದ ಅಂಗಡಿ ಇಟ್ಟವನು, ನಾಲ್ಕು ಮಂದಿಯ ನಡುವೆ ಓಡಾಡುವವನು. “ಹಂಗ ಬರೇ ಫೋಟೋ ಇಟ್ರ ಮಂದಿ ಏನಂದಾರಬೇ?” ಎಂದ.

ಅಜ್ಜಿ ಅಷ್ಟು ಬೇಗ ಫೋಟೋ ಆಗುವವಳೇ ಅಲ್ಲ. ಕೆಲಸ ಬಿಟ್ಟ ಮೇಲೂ ವರ್ಷಗಟ್ಟಲೆ ಗಟ್ಟಿಯಾಗಿದ್ದಳು. ಧಾರಾವಾಹಿಯ ಅತ್ತೆಯರಿಗೆ ಬಾಯಿ ತುಂಬ ಬೈಯುವಳು, ಮೊಮ್ಮಗನ ಸ್ಕೂಟರಿನ ಹಿಂದೆ ಕುಳಿತು ಕಾಗಿನೆಲೆಗೆ ಹೋಗಿ, “ಲಗೂ ಹೊಡಿಯೋ, ಎತ್ತಿನ ಗಾಡಿ ಮಾಡೀಯಲ್ಲ” ಎಂದು ಅವನ ಬೆನ್ನಿಗೆ ಗುದ್ದುವಳು. ಕೈಯ ಖಾರ ಪೂರ್ತಿ ಇಳಿದ ಮೇಲೆ ಒಂದು ದಿನ ಮೊದಲ ಸಲ ಬೆರಳಿನಿಂದ ನನ್ನ ಗಲ್ಲ ಮುಟ್ಟಿದಳು. ಆಗ ನನಗೆ ಮದುವೆಯಾಗಿ ಮಗಳಿದ್ದಳು. ನಾನು ಸಣ್ಣ ಹುಡುಗಿಯ ಹಾಗೆ ಅತ್ತೆ.

ತೊಂಬತ್ತು ತುಂಬಿತೆಂದು ನಮ್ಮದೇ ಅಂದಾಜಿನಲ್ಲಿ ಎಲ್ಲರೂ ಸೇರಿ ಊಟ ಇಟ್ಟುಕೊಂಡೆವು. ದೊಡ್ಡಪ್ಪ ಹಾವೇರಿಗೆ ಹೋಗಿ, ಹೇಳಿ ಮಾಡಿಸಿ, ಹಲವು ಎಳೆಗಳ ಏಲಕ್ಕಿ ಹಾರ ತಂದು ತನ್ನವ್ವನ ಕೊರಳಿಗೆ ಹಾಕಿದ. ಅಜ್ಜಿ ಮೂಗು ಅರಳಿಸಿ, ಕಣ್ಣು ಮುಚ್ಚಿ, ಹೊಸ ಮದುಮಗಳಂತೆ ನಾಚಿ ಫೋಟೋ ತೆಗೆಸಿಕೊಂಡಳು. ಆಮೇಲೆ, “ಆತಲ್ಲ ಮರ್ಯಾದಿ? ಕತ್ತರಿ ತಾ” ಎಂದಳು. ನೋಡನೋಡುತ್ತಲೇ ಹಾರದ ಎಳೆ ಕತ್ತರಿಸಿ, ಏಲಕ್ಕಿ ಜಜ್ಜಿ, ತಾನೇ ಒಲೆಯ ಮುಂದೆ ನಿಂತು ಬಂದವರಿಗೆಲ್ಲ ಚಹಾ ಮಾಡಿದಳು. ದೊಡ್ಡಪ್ಪನ ಮುಖ ಕೆಂಪಾಗಿತ್ತು. ಅವ್ವ ಕೊಟ್ಟ ಕಪ್ಪನ್ನು ಮುಟ್ಟದೆ ರಾಣೆಬೆನ್ನೂರಿಗೆ ಹೊರಟುಹೋದ.

ಮರುವರ್ಷದ ಚಳಿಗಾಲದಲ್ಲಿ ಅಜ್ಜಿ ನಿದ್ದೆಯಲ್ಲೇ ಹೋದಳು. ಅಂಥ ಸಾವಿಗೆ ಮಂದಿ ಪುಣ್ಯವಂತಿ ಎಂದರು. ದಿವಸದ ಕಾರ್ಯದ ದಿನ ಪಡಸಾಲೆಯ ಗೋಡೆಗೆ ತೊಂಬತ್ತು ತುಂಬಿದಾಗಿನ ಫೋಟೋ ಬಂತು, ಅದರಲ್ಲಿ ಹಾರ ಹಾಕಿಕೊಂಡ ಅಜ್ಜಿ ನಗುತ್ತಿದ್ದಳು. ಅಷ್ಟರಲ್ಲಿ ದೊಡ್ಡಪ್ಪ ಬಂದ. ಕೈಯಲ್ಲಿ ಮತ್ತೊಂದು ಏಲಕ್ಕಿ ಹಾರ, ಮೊದಲಿನದಕ್ಕಿಂತ ದೊಡ್ಡದು. ಅಜ್ಜಿಯ ಮಾತು ಎಲ್ಲರಿಗೂ ನೆನಪಿತ್ತು, ಹೇಳುವ ಧೈರ್ಯ ಯಾರಿಗೂ ಇರಲಿಲ್ಲ. ನಾನು ಬಾಯಿ ತೆರೆದೆ, ನಮ್ಮವ್ವ ನನ್ನ ಸೆರಗು ಜಗ್ಗಿದಳು. ದೊಡ್ಡಪ್ಪ ಸ್ಟೂಲು ಹತ್ತಿ ಹಾರ ಎತ್ತಿದ. ಎತ್ತಿದ ಹಾರ ಮುಖಕ್ಕೆ ತಾಗಿ ವಾಸನೆ ಬಂತೇನೋ, ಕೈ ಅಲ್ಲೇ ನಿಂತಿತು. ಇಳಿದು ಬಂದು ನೆಲದ ಮೇಲೆ ಕುಕ್ಕರಿಸಿದ. “ಯವ್ವಾ, ಅವತ್ತ ನೀ ಕೊಟ್ಟ ಚಾ ಕುಡೀಲಿಲ್ಲಲ್ಲಬೇ ನಾ” ಎಂದು ಹಾರದಲ್ಲಿ ಮುಖ ಹುದುಗಿಸಿ ಅತ್ತ. ಬಹಳ ಹೊತ್ತಿನ ಮೇಲೆ ತಲೆ ಎತ್ತಿ ನನ್ನನ್ನು ನೋಡಿದ.

“ಕತ್ತರಿ ತಾರವಾ ತಂಗಿ. ವಾಸನಿ ಹೋಗೂದರಾಗ ಚಾ ಮಾಡೂನು.”

ಅವತ್ತು ಆ ಮನೆಯಲ್ಲಿ ಅತ್ತವರೆಲ್ಲ ಕೊನೆಗೆ ಚಹಾ ಕುಡಿದು ನಕ್ಕು ಎದ್ದರು. ಆ ಮನೆ ಈಗ ಇಲ್ಲ. ಫೋಟೋ ನನ್ನ ಹತ್ತಿರ ಇದೆ, ಮೇಲೆ ಏನೂ ಹಾಕಿಲ್ಲ. ದೊಡ್ಡಪ್ಪ ಹಾವೇರಿಗೆ ಬಂದಾಗಲೆಲ್ಲ ಜೇಬಿನಲ್ಲಿ ಏಲಕ್ಕಿ ಪೊಟ್ಟಣ ತರುತ್ತಾನೆ. ಮೊನ್ನೆ ಅಂಗಡಿಯಿಂದ ನೇರ ಬಂದಿದ್ದ. ನನ್ನ ಮಗಳು ಓಡಿಹೋಗಿ ಅವನನ್ನು ತಬ್ಬಿಕೊಂಡಳು. “ತಡಿಯವಾ, ಕೈಗೆ ಬೀಜದ ಔಷಧಿ ಹತ್ತೇತಿ” ಎಂದು ಅವನು ಎರಡೂ ಕೈ ಹಿಂದೆ ಸರಿಸಿ, ಬಗ್ಗಿ, ಮೊಣಕೈಯಿಂದ ಅವಳ ಗಲ್ಲ ಸವರಿದ. ನಾನು ಒಳಗೆ ಹೋಗಿ ಏಲಕ್ಕಿ ಜಜ್ಜಿದೆ.